ಬಾಗಿಲ ಮೇಲಿನ ಪೈಪು

ನಮ್ಮ ಮನೆಯವರ ಕೈ ಸುಮ್ಮನಿರುವುದಿಲ್ಲ. ಕೆ.ಆರ್. ನಗರದಲ್ಲಿ ನಾವಿರುವ ಮನೆಯ ಫ್ಯಾನು ಮದುವೆಯಾದಾಗಿನಿಂದ ಕಿರ್ ಕಿರ್ ಅನ್ನುತ್ತಿದ್ದರೂ ಒಂದು ದಿನವೂ ತಲೆ ಎತ್ತಿ ನೋಡದ ಮಹಾನುಭಾವರು, ಮಾವನ ಮನೆಯ ಹೊಸ್ತಿಲು ದಾಟಿದರೆ ಸಾಕು, ಸ್ಪ್ಯಾನರ್ ಎಲ್ಲಿದೆ ಎಂದು ಕೇಳುತ್ತಾರೆ. ಮದುವೆಯಾದ ಮೇಲಿನ ಮೊದಲ ಗೌರಿಹಬ್ಬಕ್ಕೆಂದು ಇಬ್ಬರೂ ತವರಿಗೆ ಹೋಗಿದ್ದೆವು. ಹಿಂದೆ ಬಂದಾಗಲೆಲ್ಲ ಅವ್ವ ಅಳಿಯನಿಗೆ ಹಂಡೆಯಲ್ಲೇ ನೀರು ಕಾಯಿಸಿ ತೋಡಿ ಕೊಡುತ್ತಿದ್ದಳು. ಈ ಸಲ ಅವಳು ಹಬ್ಬದ ಗಡಿಬಿಡಿಯಲ್ಲಿದ್ದಳು. ಇವರು ತಾವೇ ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದ್ದಾರೆ. ಅದು ಕೊಸ್ ಅಂದು, ಕೆಮ್ಮಿ, ಒಂದು ಬೊಗಸೆ ನೀರು ಉಗುಳಿ, ಸುಮ್ಮನಾಗಿದೆ. ಸೊಂಟಕ್ಕೆ ಟವೆಲ್ ಸುತ್ತಿಕೊಂಡೇ ಹೊರಗೆ ಬಂದರು.

“ಮಾವ, ನಿಮ್ ಸೋಲಾರ್ ಲೈನು ಏರ್ ಹಿಡ್ಕಂಡದೆ. ತಣ್ಣೀರು ಚೆನ್ನಾಗ್ ಬತ್ತದೆ, ಬಿಸಿನೀರು ಮಾತ್ರ ಉಗುಳ್ತದೆ. ದೊಡ್ಡ ಕೆಲ್ಸ ಅಲ್ಲ. ಸಾಯಂಕಾಲ ಶೋಭಕ್ಕ ಬರೋದ್ರೊಳ್ಗೆ ಸರಿ ಮಾಡ್ಬುಡ್ತೀನಿ.”

ಅಪ್ಪ ಜಗಲಿಯ ಮೇಲೆ ಕೂತು, ಹೊಗೆಸೊಪ್ಪು ಕಟ್ಟುವ ದಾರದ ಸಿಕ್ಕು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

“ಬ್ಯಾಡ ಬುಡಿ ಅಳಿಯಂದ್ರೆ. ಅದು ಅಂಗೇ ಇರ್ಲಿ.”

“ಅಂಗೇ ಇರ್ಲಿ ಅಂದ್ರೆ ಹೆಂಗೆ ಮಾವ?”

“ಅಂಗೇ ಇರ್ಲಿ ಅಂದ್ರೆ ಅಂಗೇ ಇರ್ಲಿ.”

ಒಳಗೆ ಅವ್ವ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ಇವರು ನನ್ನ ಮುಖ ನೋಡಿದರು. ನಾನು ಅಂಗಳಕ್ಕೆ ಇಳಿದೆ. ಹೊಲದ ಕಡೆಯಿಂದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆ ಬರುತ್ತಿತ್ತು. ಸೊಪ್ಪು ಹದಕ್ಕೆ ಬರುವಾಗಿನ ವಾಸನೆ ಅದು, ಬೆಲ್ಲದ ಪಾಕ ತುಸು ಸೀದ ಹಾಗಿರುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಾನು ಮರೆತೇ ಇರುತ್ತೇನೆ. ಆ ವಾಸನೆ ಮೂಗಿಗೆ ಬಿದ್ದರೆ ಮಾತ್ರ ಆ ಒಂದು ಮಳೆಗಾಲ ಇದ್ದ ಹಾಗೇ ಎದ್ದು ಬರುತ್ತದೆ.

ನಮ್ಮೂರು ಇರುವುದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಸ್ವಲ್ಪ ಒಳಕ್ಕೆ ನಡೆಯಬೇಕು. ಹೊಗೆಸೊಪ್ಪು ಬೆಳೆಯುವ ಊರು. ಮಳೆಗಾಲ ಅಂದರೆ ನಮಗೆ ಸೊಪ್ಪು ಬೇಯಿಸುವ ಕಾಲ. ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟಿ, ಬ್ಯಾರನ್ ಎಂದು ನಾವು ಕರೆಯುವ ಎತ್ತರದ ಒಂಟಿ ಕೋಣೆಯೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಹಗಲೂ ರಾತ್ರಿ ಸೌದೆ ತುಂಬುತ್ತಿರಬೇಕು. ಒಮ್ಮೆ ಬೆಂಕಿ ಹಾಕಿದರೆ ಮುಗಿಯಿತು. ಮನೆಯಲ್ಲಿ ಮದುವೆಯೇ ಇರಲಿ, ಸಾವೇ ಇರಲಿ, ಸೊಪ್ಪು ಹದವಾಗುವವರೆಗೆ ಆ ಒಲೆ ಆರಬಾರದು.

ಆ ವರ್ಷ ನಾನು ಹುಣಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಅಕ್ಕ ಶೋಭಳನ್ನು ಎಚ್.ಡಿ. ಕೋಟೆಯ ಕಡೆ ಕೊಟ್ಟಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಬಳೆ ತೊಡಿಸಿ ಕರೆದುಕೊಂಡು ಬಂದೆವು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಮುಖ ಒಂದು ಸುತ್ತು ದಪ್ಪ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ಹಸಿ ಸೊಪ್ಪಿನ ಘಾಟಿಗೆ ತಲೆ ಸುತ್ತುತ್ತದೆಂದು ಅವ್ವ ಅವಳನ್ನು ಹೊಲದ ದಿಕ್ಕಿಗೇ ಬಿಡುತ್ತಿರಲಿಲ್ಲ. ಮಾಡಲು ಕೆಲಸವಿಲ್ಲದ ಅಕ್ಕನಿಗೆ ನಮ್ಮೆಲ್ಲರ ಕೆಲಸದಲ್ಲಿ ತಪ್ಪು ಹುಡುಕುವುದೇ ಕೆಲಸವಾಯಿತು. ನಾನು ಗುಡಿಸಿದರೆ ಮೂಲೆ ಬಿಟ್ಟೆ ಅನ್ನುವಳು, ಸಾರು ಮಾಡಿದರೆ ಮೂಗೆಳೆಯುವಳು. ನಾವಿಬ್ಬರೂ ದಿನಕ್ಕೊಂದು ಜಗಳ ಆಡುತ್ತಿದ್ದೆವು. ಅಷ್ಟು ಸಂತೋಷದ ಜಗಳ ನಾನು ಆಮೇಲೆ ಯಾರ ಜೊತೆಯೂ ಆಡಿಲ್ಲ.

ಬಾಣಂತನದ ವಿಷಯದಲ್ಲಿ ಅವ್ವನದು ಒಂದೇ ಮಂತ್ರ, ಬಿಸಿನೀರು. ಬಾಣಂತಿಯ ಸೊಂಟ ಗಟ್ಟಿಯಾಗುವುದು ಊಟದಿಂದಲ್ಲ, ಹುಯ್ಯುವ ನೀರಿನಿಂದ. ಹಂಡೆ ಬರಿದಾಗಬೇಕು, ಮೈ ಕೆಂಪಗಾಗಬೇಕು ಎನ್ನುತ್ತಿದ್ದಳು. ಆದರೆ ಆ ಕಾಲದಲ್ಲಿ ಮನೆಗೆ ಬಂದ ಸೌದೆಯೆಲ್ಲ ಬ್ಯಾರನ್ನಿನ ಹೊಟ್ಟೆಗೆ ಹೋಗುತ್ತದೆ. ಅಪ್ಪ ಯೋಚಿಸಿ ಯೋಚಿಸಿ, ಸೋಲಾರ್ ಹಾಕಿಸುವುದೆಂದು ತೀರ್ಮಾನ ಮಾಡಿದ. ಜಿಟಿಜಿಟಿ ಮಳೆಯಲ್ಲಿ ಗಾಜಿನ ಕೊಳವೆಗಳು ಟೆಂಪೋದಲ್ಲಿ ಬಂದಿಳಿದಾಗ ಊರಿಗೆ ಊರೇ ನಕ್ಕಿತು.

“ಮಳೇಲಿ ಸೋಲಾರ್ ಆಕ್ಸ್ತಾವ್ನಲ್ಲ, ಬ್ಯಾಸ್ಗೇಲಿ ಕಂಬ್ಳಿ ತತ್ತನೇನೋ ಈವಯ್ಯ!” ಎಂದು ಟೀ ಅಂಗಡಿಯಲ್ಲಿ ಅಂದರಂತೆ. ಅಪ್ಪ ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ಬಿಸಿಲಿಲ್ಲದ ದಿನಕ್ಕೆ ತೊಟ್ಟಿಯೊಳಗೆ ಕರೆಂಟಿನ ಕಾಯಿಲ್ ಕೂಡ ಇತ್ತು. ಮಗಳಿಗೆ ನೀರು ಕಾದರೆ ಸಾಕಿತ್ತು ಅವನಿಗೆ.

ತೊಂದರೆ ಬಂದದ್ದು ಪೈಪಿನ ದಾರಿಯಲ್ಲಿ. ತಾರಸಿಯಿಂದ ಇಳಿದ ಬಿಸಿನೀರಿನ ಪೈಪು ಬಚ್ಚಲಿಗೆ ಹೋಗಬೇಕಾದರೆ ನೇರದ ದಾರಿ ದೇವರ ಮನೆಯ ಗೋಡೆಯ ಮೇಲಿತ್ತು. ಅವ್ವ ಕೈ ಅಡ್ಡ ಹಿಡಿದು ನಿಂತಳು.

“ಮುಟ್ಟಾದೋರು, ಬಾಣ್ತೀರು ಮೀಯೋ ಬಚ್ಲು ಪೈಪು ದ್ಯಾವ್ರ ಗ್ವಾಡೆಗೆ ತಾಕ್ಬಾರ್ದು. ನಾನಿರೋಗಂಟ ಆಗಕಿಲ್ಲ.”

“ಪೈಪಿಗೇನು ಮೈಲ್ಗೆ ಗೊತ್ತಾದದ?” ಎಂದ ಅಪ್ಪ.

“ಪೈಪಿಗೆ ಗೊತ್ತಾಗ್ದೆ ಓದ್ರೂ ದ್ಯಾವ್ರಿಗೆ ಗೊತ್ತಾಯ್ತದೆ.”

ಪೈಪು ದೇವರ ಮನೆಯನ್ನು ಬಿಟ್ಟು, ಬಳಸಿಕೊಂಡು, ಎದುರಿನ ಸಣ್ಣ ಕೋಣೆಯೊಳಗೆ ಹೋಯಿತು. ಅಲ್ಲಿ ಬಾಗಿಲು ಅಡ್ಡ ಬಂತು. ಪೈಪು ಬಾಗಿಲ ಈ ಮಗ್ಗುಲಿನಲ್ಲಿ ಮೇಲಕ್ಕೆ ಹತ್ತಿ, ನೆತ್ತಿಯ ಮೇಲೆ ಹಾದು, ಆ ಮಗ್ಗುಲಿನಲ್ಲಿ ಇಳಿದು, ಬಚ್ಚಲು ಸೇರಿತು. ನೋಡಲು ಬಾಗಿಲಿಗೆ ತೋರಣ ಕಟ್ಟಿದ ಹಾಗೇ ಇತ್ತು. ಆ ಸಣ್ಣ ಕೋಣೆಯೇ ಅಕ್ಕನ ಕೋಣೆ. ಬಾಣಂತನಕ್ಕೆಂದು ಮಂಚ ಹಾಕಿ ಸಿದ್ಧ ಮಾಡಿದ್ದೂ ಅದೇ.

ಮೊದಲ ದಿನ ಅವ್ವ ನಲ್ಲಿಗೆ ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕೈ ಮುಗಿದು ನಿಂತಳು. ಅಪ್ಪ ಗಂಭೀರವಾಗಿ ತಿರುಗಿಸಿದ. ನಲ್ಲಿ ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮಿ, ಅವ್ವನ ಸೆರಗಿಗೆ ಎರಡು ಹನಿ ಉಗುಳಿ, ನಿಂತುಬಿಟ್ಟಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ.

ಅಲ್ಲಿಂದ ಶುರುವಾಯಿತು ಅಪ್ಪನ ತಪಾಸಣೆ. ತೊಟ್ಟಿ ಖಾಲಿಯಿರಬೇಕೆಂದು ಹತ್ತಿ ನೋಡಿದ, ತುಂಬಿತ್ತು. ನಲ್ಲಿಯಲ್ಲಿ ಕಸ ಕೂತಿರಬೇಕೆಂದು ಬಿಚ್ಚಿ ಊದಿದ, ಕಸವಿರಲಿಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೆ ಧಾರಾಳವಾಗಿ ಬರುತ್ತಿತ್ತು, ಆದ್ದರಿಂದ ನೀರಿನ ಕೊರತೆಯಲ್ಲ. ಕೊನೆಗೆ ರೈತನ ಬುದ್ಧಿ ಓಡಿತು. ಬೋರ್‌ವೆಲ್ ಮೋಟರು ಏರ್ ಹಿಡಿದರೆ ಏನು ಮಾಡುತ್ತೇವೋ ಅದನ್ನೇ ಮಾಡೋಣವೆಂದು, ಬೋರಿನ ಹೋಸ್ ಪೈಪನ್ನು ಬಚ್ಚಲ ನಲ್ಲಿಯ ಬಾಯಿಗೆ ಬಿಗಿದು, ಮೋಟರು ಹಾಕಿ, ನೀರನ್ನು ಹಿಂದಕ್ಕೆ ನುಗ್ಗಿಸಿದ. ಪೈಪಿನೊಳಗೆಲ್ಲ ಗಡಗಡ ಸದ್ದಾಗಿ, ಗಾಳಿ ಮೇಲಕ್ಕೆ ಹೋಯಿತು. ಬಿಸಿನೀರು ಬಂತು! ಅಪ್ಪ ಮೀಸೆ ತಿರುವಿದ. ಕೆಲವು ದಿನ ಕಳೆಯುವಷ್ಟರಲ್ಲಿ ಮತ್ತೆ ಅದೇ ಕೆಮ್ಮು.

ಗಾಳಿ ಎಲ್ಲಿ ಕೂತಿದೆಯೆಂದು ಕಂಡುಹಿಡಿದದ್ದು ಅಕ್ಕ. ಬೇರೆ ಯಾರಿಗೂ ಮಲಗಿಕೊಂಡು ಪೈಪಿನ ಸದ್ದು ಕೇಳುವಷ್ಟು ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಎಡಮಗ್ಗುಲಾಗಿ ಮಲಗಿದಾಗ ಯಾರಾದರೂ ಬಚ್ಚಲ ನಲ್ಲಿ ತಿರುಗಿಸಿದರೆ, ಬಾಗಿಲ ಮೇಲೆ ಗುಳುಗುಳು ಅನ್ನುತ್ತಿತ್ತಂತೆ.

“ಲತಾ, ನಲ್ಲಿ ತಿರುಗ್ಸೆ,” ಎಂದು ಕೂಗುವಳು. ತಿರುಗಿಸುವೆ. “ನಿಲ್ಸೆ.” ನಿಲ್ಲಿಸುವೆ. ಆಮೇಲೆ ನನ್ನನ್ನು ಸ್ಟೂಲು ಹತ್ತಿಸಿ ಪೈಪಿನುದ್ದಕ್ಕೂ ಕೈ ಆಡಿಸು ಅಂದಳು. ಹತ್ತುವ ಮಗ್ಗುಲಿನಲ್ಲಿ ಪೈಪು ಬೆಚ್ಚಗಿತ್ತು, ಬಾಗಿಲ ನೆತ್ತಿ ದಾಟಿದ ಮೇಲೆ ತಣ್ಣಗೆ. ಚಮಚದಿಂದ ಬಡಿದು ನೋಡು ಅಂದಳು. ಕೆಳಗೆ ಬಡಿದರೆ ತುಂಬಿದ ಬಿಂದಿಗೆಯ ಸದ್ದು, ಮೇಲೆ ಬಡಿದರೆ ಬರಿದಾದುದರ ಸದ್ದು.

“ಅಪ್ಪಾ, ಸೋಲಾರ್ ಅಂಗ್ಡಿಯವ್ರ್ನ ಬಯ್ಬ್ಯಾಡ. ನೀರ್ ಜೊತೆ ಬಂದ ಗಾಳಿ ಕೆಳೀಕ್ ಇಳೀದೆ ಇಲ್ಲೇ ನನ್ ತಲೆ ಮ್ಯಾಲೆ ಕೂತದೆ. ಬಾಗ್ಲು ಅಡ್ಡ ಬಂತು ಅಂತ ನೀವು ಅತ್ತಿಸಿದ್ರಲ್ಲ, ಅಲ್ಲೇ.”

ಅಪ್ಪ ಬಂದು ಚಮಚದಲ್ಲಿ ತಾನೂ ಬಡಿದ. ಮತ್ತೆ ಬಡಿದ. “ಊಂ ಕಣವ್ವ,” ಎಂದ. ಆಮೇಲೆ ಬಂದವರಿಗೆಲ್ಲ “ನಮ್ ಶೋಭ ಮನಿಕಂಡೇ ಕಂಡಿಡದ್ಲು” ಎಂದು ಹೇಳಿಕೊಂಡು ತಿರುಗಿದ.

ಆದರೆ ಗಾಳಿಯನ್ನು ಹೊರಗೆ ಹಾಕಲು ಅಕ್ಕನಿಗೆ ಅವಸರವಿರಲಿಲ್ಲ. ಕಾರಣ ನನಗೆ ಮಾತ್ರ ಹೇಳಿದಳು. ಒಂದು ಮಧ್ಯಾಹ್ನ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಮೇಲೆ ಗುಳುಗುಳು ಅಂದ್ರೆ ಇಲ್ಲಿ ಒದೀತದೆ ಕಣೆ. ನೋಡು ಬೇಕಾರೆ.”

“ಸುಳ್ಳು ಬುರುಡೆ.”

“ಅವ್ವಂಗೆ ಏಳು, ನಲ್ಲಿ ತಿರುಗ್ಸ್‌ಲಿ.”

ಅವ್ವ ಬಯ್ಯುತ್ತಲೇ ನಲ್ಲಿ ತಿರುಗಿಸಿದಳು. ಬಾಗಿಲ ಮೇಲೆ ಗುಳುಗುಳು ಅಂದಿತು. ನನ್ನ ಅಂಗೈ ಕೆಳಗೆ, ಒಳಗಿನಿಂದ ಯಾರೋ ಮೊಣಕೈಯಲ್ಲಿ ತಿವಿದ ಹಾಗೆ ಒಂದು ಏಟು ಬಿತ್ತು. ನಾನು ಕೈ ಕಿತ್ತುಕೊಂಡು ಚೀರಿದೆ, ಅಕ್ಕ ಗಹಗಹಿಸಿ ನಕ್ಕಳು. ಆಮೇಲೆ ಅದು ನಮ್ಮ ದಿನದ ಆಟವಾಯಿತು. ಎಚ್.ಡಿ. ಕೋಟೆಯಿಂದ ಬಾವ ಫೋನು ಮಾಡಿದರೆ ಅಕ್ಕ ಫೋನನ್ನು ಮೇಲಕ್ಕೆ ಹಿಡಿದು, “ಕೇಳುಸ್ತಾ? ನಿಮ್ ಮಗೀಗೆ ಕತೆ ಏಳೋರು ಇವ್ರೇಯ,” ಅನ್ನುವಳು. ಬಾವ ಪಾಪ, ಶುಂಠಿ ಹೊಲದಲ್ಲಿ ನಿಂತುಕೊಂಡು ಪೈಪಿನ ಸದ್ದು ಕೇಳಿ “ಕೇಳುಸ್ತು, ಕೇಳುಸ್ತು” ಅನ್ನುತ್ತಿದ್ದರು.

ಹೆರಿಗೆಯ ದಿನ ಹತ್ತಿರವಾದಂತೆ ಅವ್ವನ ವರಾತ ಜೋರಾಯಿತು. ಹುಣಸೂರಿನಿಂದ ಪ್ಲಂಬರ್ ಬಂದ. ಅಕ್ಕ ಹೇಳಿದ್ದನ್ನೇ ಅವನೂ ಹೇಳಿದ. ಒಂದೋ ಪೈಪು ದೇವರ ಮನೆಯ ಗೋಡೆ ಮೇಲೆ ನೇರ ಹೋಗಬೇಕು, ಇಲ್ಲವೇ ಬಾಗಿಲ ನೆತ್ತಿಯ ಮೇಲೆ ಗಾಳಿ ಹೋಗಲು ಒಂದು ಕೊಳವೆ ನಿಲ್ಲಿಸಬೇಕು. ಅವ್ವ ಅವನನ್ನೂ ದೇವರ ಮನೆಯ ಬಾಗಿಲಲ್ಲೇ ತಡೆದಳು. ಸರಿ, ತಾರಸಿಗೆ ತೂತು ಕೊರೆದು ಸಣ್ಣ ಪೈಪೊಂದನ್ನು ನೆಟ್ಟಗೆ ಮೇಲಕ್ಕೆ ಒಯ್ದು, ಸೋಲಾರಿನ ತೊಟ್ಟಿಗಿಂತ ಎತ್ತರಕ್ಕೆ ನಿಲ್ಲಿಸಿ, ಮಳೆನೀರು ಬೀಳದಂತೆ ಬಾಯನ್ನು ಕೆಳಕ್ಕೆ ಬಗ್ಗಿಸಿದ. ಅಷ್ಟೇ. ನಲ್ಲಿ ತಿರುಗಿಸಿದರೆ ಬಿಸಿನೀರು ತೋಳಿನ ಗಾತ್ರ, ಸದ್ದಿಲ್ಲದೆ, ಹೊಗೆಯಾಡುತ್ತ ಬಂತು. ಅವ್ವನ ಕಣ್ಣಲ್ಲಿ ನೀರು.

“ಇನ್ನು ಬಾಣ್ತಿ ಬರ್ಲಿ,” ಅಂದಳು.

ಅಕ್ಕ ಮಾತ್ರ ಮಂಚದ ಮೇಲೆ ಮುಖ ಊದಿಸಿಕೊಂಡಿದ್ದಳು. “ಕತೆ ಏಳೋರ್ನ ಓಡ್ಸ್‌ಬುಟ್ರಿ,” ಎಂದಳು. ನಾವೆಲ್ಲ ನಕ್ಕೆವು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಅಕ್ಕ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಕೆದರಿದ ಕೂದಲನ್ನು ಕಟ್ಟಿಯೂ ಇರಲಿಲ್ಲ.

“ಅವ್ವಾ, ಇದೂ ಸುಮ್ಗಾಗೋಗದೆ ಕಣವ್ವ. ಬೆಳಗ್ನಿಂದ ಮಿಸುಕ್ತಿಲ್ಲ.”

ಅವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟಳು. ಅಪ್ಪ ಬ್ಯಾರನ್ನಿನಿಂದ ಓಡಿ ಬಂದ. ಪಕ್ಕದ ಮನೆಯವರ ಕಾರಿನಲ್ಲಿ ಮಳೆಯೊಳಗೇ ಹುಣಸೂರಿಗೆ ಹೋದೆವು. ದಾರಿಯುದ್ದಕ್ಕೂ ಅವ್ವ ಒಂದೇ ಸಮನೆ ಮನೆದೇವರಿಗೆ ಹರಕೆ ಹೊರುತ್ತಿದ್ದಳು. ಅಕ್ಕ ತನ್ನೊಳಗೇ ಕಿವಿಗೊಟ್ಟು ಕೂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಬಡಿತ ಕೇಳುವ ಯಂತ್ರವನ್ನು ಹೊಟ್ಟೆಯ ಮೇಲೆ ಇಟ್ಟರು. ಒಂದು ಕಡೆ ಇಟ್ಟರು, ತೆಗೆದು ಇನ್ನೊಂದು ಕಡೆ ಇಟ್ಟರು. ಸ್ವಲ್ಪ ಕೆಳಗೆ. ಮತ್ತೆ ಮೇಲೆ. ನಾನು ಬಾಗಿಲಲ್ಲಿ ನಿಂತಿದ್ದೆ. ಯಂತ್ರದಿಂದ ಬರೀ ಕರಕರ ಸದ್ದು ಬರುತ್ತಿತ್ತು.

“ಏನೂ ಕೇಳುಸ್ತಿಲ್ಲ ಅಲ್ವ ಮೇಡಂ?” ಎಂದಳು ಅಕ್ಕ.

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ಕೆಲವು ಸಲ ಹೀಗಾಗುತ್ತದೆ, ಯಾರದೂ ತಪ್ಪಿಲ್ಲ, ಏನು ಕಾರಣವೆಂದು ಹೇಳಲೂ ಆಗುವುದಿಲ್ಲ ಎಂದರು. ಆ ಮಾತಿನಿಂದ ಯಾರಿಗೂ ಏನೂ ಆಗಲಿಲ್ಲ. ಜೀವವಿಲ್ಲದ ಮಗುವನ್ನೂ ಹೆರಲೇಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಅಕ್ಕ ನೋವು ತಿಂದು ಹೆತ್ತಳು. ಹೆಣ್ಣು. ತಲೆ ತುಂಬ ಕಪ್ಪು ಕೂದಲು, ಅಕ್ಕನದೇ ಹಣೆ, ಬಾವನ ಗಲ್ಲ. ಬೆಚ್ಚಗೇ ಇತ್ತು. ಅಕ್ಕ ಅದರ ಪಾದಗಳನ್ನು ಹಿಡಿದು ನೋಡಿದಳು, ಒದ್ದ ಪಾದ ಇದೇನಾ ಎಂದು ನೋಡುವವಳ ಹಾಗೆ. ಅಳಲಿಲ್ಲ.

ಬಾವ ಮಗುವನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಹೊಲಕ್ಕೆ ತಂದರು. ಹಸುಗೂಸನ್ನು ಸುಡುವುದಿಲ್ಲ ನಮ್ಮಲ್ಲಿ. ಬದುವಿನ ಹೊಂಗೆ ಮರದ ಕೆಳಗೆ ಅಪ್ಪ ಗುಂಡಿ ತೋಡಿದ. ಹೆಂಗಸರು ಹೋಗುವ ಹಾಗಿಲ್ಲ, ನಾನು ತಾರಸಿಯ ಮೇಲಿಂದ ನೋಡಿದೆ. ಬ್ಯಾರನ್ನಿಗೆ ಬೆಂಕಿ ಹಾಕಿದ್ದ ಸಮಯ. ನಾವು ಯಾರೂ ಕೇಳಿರಲಿಲ್ಲ, ಮಳೇಲಿ ಸೋಲಾರ್ ಎಂದು ನಕ್ಕಿದ್ದವರೇ ಬಂದು ನಮ್ಮ ಒಲೆಗೆ ಸೌದೆ ತುಂಬುತ್ತಿದ್ದರು. ಹೊಗೆ ಆ ಮರದ ಮೇಲೆ ಹಾದು ಹೋಗುತ್ತಿತ್ತು.

ಅಕ್ಕ ಮನೆಗೆ ಬಂದಳು. ತೊಟ್ಟಿಲನ್ನು ನಾನು ಅವಳು ಬರುವ ಮೊದಲೇ ಅಟ್ಟಕ್ಕೆ ಹಾಕಿದ್ದೆ. ಬಾಣಂತಿ ನೀರು ಹುಯ್ಯುವುದೋ ಬೇಡವೋ ಎಂದು ನನಗೊಂದು ಗೊಂದಲ. ಅವ್ವನಿಗಿರಲಿಲ್ಲ.

“ಮಗ ಉಳೀದೇ ಓದ್ರೆ ಎತ್ತೋಳು ಬಾಣ್ತಿ ಅಲ್ವ? ಒಡ್ಲು ಅಸಿ ಕಣೆ,” ಎಂದಳು.

ಬಚ್ಚಲಲ್ಲಿ ಮಣೆ ಹಾಕಿ ಅಕ್ಕನನ್ನು ಕೂರಿಸಿ ನಲ್ಲಿ ತಿರುಗಿಸಿದಳು. ನೀರು ಬಂತು. ಅಬ್ಬಾ, ಹೇಗೆ ಬಂತು! ಒಂದು ಕೆಮ್ಮಿಲ್ಲ, ಒಂದು ತಡೆಯಿಲ್ಲ, ಹೊಗೆಯಾಡುತ್ತ, ಧಾರೆ ಧಾರೆಯಾಗಿ. ಎಷ್ಟು ಜಗಳ, ಎಷ್ಟು ಹತ್ತಿ ಇಳಿದು ತಂದ ನೀರು. ಅವ್ವ ಚೊಂಬಿನ ಮೇಲೆ ಚೊಂಬು ಹುಯ್ದಳು. ಮೈ ಕೆಂಪಗಾಯಿತು. ಅಕ್ಕ ಎಲ್ಲೋ ನೋಡುತ್ತ ಕೂತಿದ್ದಳು. ನೀರು ತುಂಬುತ್ತಿದ್ದ ಅವ್ವ ಒಮ್ಮೆ ಗೋಡೆಗೆ ತಲೆ ಆನಿಸಿ, “ಈಟ್ ಚೆಂದಾಗ್ ಬತ್ತಾ ಅದಲ್ಲೇ ಲತಾ,” ಎಂದು ಬಿಕ್ಕಿದಳು.

ಅಕ್ಕನಿಗೆ ಹಾಲು ಬಂತು. ಮೈಗೆ ಹೇಳುವವರು ಯಾರು, ಮಗು ಇಲ್ಲವೆಂದು? ಎದೆ ಕಲ್ಲಾಗಿ, ಕುಪ್ಪಸವೆಲ್ಲ ಒದ್ದೆ. ಹಾಲು ಇಂಗಲು ಮಲ್ಲಿಗೆ ಹೂವು ಕಟ್ಟುತ್ತಾರೆ ನಮ್ಮ ಕಡೆ. ಹುಟ್ಟಿದಾಗಿನಿಂದ ಹೂವಿನಂಗಡಿಯ ಮುಂದೆ ನಿಲ್ಲದ ಅಪ್ಪ ಹುಣಸೂರಿಗೆ ಹೋಗಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ತಂದ. ಹೂ ಮಾರುವವಳು, “ಏನ್ ಯಜಮಾನ್ರೇ, ಮನೇಲಿ ಶುಭಕಾರ್ಯವಾ?” ಎಂದು ಕೇಳಿದಳಂತೆ. ಅಪ್ಪ “ಊಂ” ಎಂದನಂತೆ. ಅವ್ವ ಆ ಹೂವನ್ನು ಅಕ್ಕನ ಎದೆಗೆ ಹಾಕಿ, ಬಟ್ಟೆಯಿಂದ ಬಿಗಿದು ಕಟ್ಟಿದಳು. ಕೋಣೆಯ ತುಂಬ ಮದುವೆಮನೆಯ ವಾಸನೆ. ನನ್ನ ಮದುವೆಯಲ್ಲಿ ಎಲ್ಲರೂ ಬಲವಂತ ಮಾಡಿದರೂ ನಾನು ಮಲ್ಲಿಗೆ ಮುಡಿಯಲಿಲ್ಲ. ನನಗೆ ಆಗುವುದಿಲ್ಲ.

ಇಷ್ಟಾದರೂ ಅಕ್ಕ ಅಳಲಿಲ್ಲ. ಅದೇ ಮನೆಯವರೆಲ್ಲರ ದಿಗಿಲಾಯಿತು. ಕೊಟ್ಟರೆ ಉಣ್ಣುವಳು, ಕೂರಿಸಿದರೆ ಕೂರುವಳು. ಬಾವ ಬಂದು ಪಕ್ಕದಲ್ಲಿ ಕೂತು ಕಣ್ಣೀರು ಹಾಕಿದರೆ ಅವರ ಬೆನ್ನು ಸವರುವಳು. ಊರಿನ ಹಿರಿಯ ಹೆಂಗಸರು ಬಂದು, “ಅಳ್ದೇ ಇದ್ರೆ ಒಳೀಕ್ ಕಟ್ಕತದೆ ಕಣವ್ವ, ಉಚ್ಚು ಇಡೀತದೆ, ಎಂಗಾರ ಮಾಡಿ ಅಳ್ಸಿ,” ಎಂದು ಅವ್ವನಿಗೆ ಹೇಳಿದರು. ಒಬ್ಬ ಅಜ್ಜಿಯಂತೂ ಅಕ್ಕನ ಕೊರಳು ತಬ್ಬಿ ಸೊಲ್ಲೆತ್ತಿ ಅತ್ತಿತು. ಅಕ್ಕ ಆ ಅಜ್ಜಿಗೆ ನೀರು ತಂದುಕೊಡು ಎಂದು ನನಗೆ ಹೇಳಿದಳು. ಯಾವಾಗಲೂ ಬಾಗಿಲ ಮೇಲಕ್ಕೆ ನೋಡುತ್ತ ಮಲಗಿರುತ್ತಿದ್ದಳು. ನನ್ನ ಜೊತೆ ಜಗಳ ಆಡೆಂದು ನಾನು ಬೇಕಂತಲೇ ಕಸ ಮೂಲೆಯಲ್ಲಿ ಬಿಟ್ಟೆ. ನೋಡಿದಳು, ಏನೂ ಅನ್ನಲಿಲ್ಲ.

ಒಂದು ಸಂಜೆ ಅವ್ವ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅಕ್ಕ ಹೇಳಿದಳು:

“ಈ ರೂಮು ಬಲೇ ಸುಮ್ಗದೆ ಅವ್ವ.”

ಅಷ್ಟೇ. ಅಪ್ಪ ಜಗಲಿಯ ಮೇಲೆ ಕೂತು ಮರುದಿನ ಸೊಪ್ಪು ಕಟ್ಟಲು ದಾರ ಸುತ್ತುತ್ತಿದ್ದ. ಕೇಳಿಸಿಕೊಂಡನೆಂದು ನನಗೆ ಅನ್ನಿಸಿರಲಿಲ್ಲ.

ಮರುದಿನ ನಾನು ಕಾಲೇಜಿನಿಂದ ಬರುವಾಗ ಅಪ್ಪ ತಾರಸಿಯ ಮೇಲಿದ್ದ, ತಲೆಗೆ ಗೊಬ್ಬರದ ಚೀಲ ಹೊದ್ದು. ಸಣ್ಣ ಮಳೆ ಬರುತ್ತಿತ್ತು.

“ಲತಾ, ಬಚ್ಲು ಬಿಸ್ನೀರ್ ನಲ್ಲಿ ತಿರುಗ್ಸವ್ವ,” ಎಂದ. ತಿರುಗಿಸಿದೆ. ಮೇಲೆ ವಾಲ್ವು ಮುಚ್ಚಿದ್ದನೇನೋ, ನೀರು ಸಣ್ಣಗಾಗುತ್ತ ಬಂದು ನಿಂತಿತು. “ಈಗ ನಿಲ್ಸು,” ಎಂದ. ನಿಲ್ಲಿಸಿದೆ. ಏನೋ ರಿಪೇರಿ ಎಂದುಕೊಂಡು ಒಳಗೆ ಹೋದೆ. ಅಪ್ಪ ಇಳಿದು ಬಂದು, ಕೈ ತೊಳೆದು, ಯಾರಿಗೂ ಏನೂ ಹೇಳದೆ ಬ್ಯಾರನ್ ಕಡೆ ಹೊರಟುಹೋದ.

ಬೆಳಿಗ್ಗೆ ಅಕ್ಕನಿಗೆ ನೀರು ಹುಯ್ಯಬೇಕೆಂದು ಅವ್ವ ನಲ್ಲಿ ತಿರುಗಿಸಿದಳು. ಕೊಸ್ ಅಂದಿತು. ಕೆಮ್ಮಿತು. ಉಗುಳಿತು.

“ಇದಕ್ಕೇನ್ ಬಂತು ಮತ್ತೆ ದರಿದ್ರುಕ್ಕೆ!” ಎಂದು ಅವ್ವ ಅಂದಳೋ ಇಲ್ಲವೋ, ಕೋಣೆಯಲ್ಲಿ ಬಾಗಿಲ ನೆತ್ತಿಯ ಮೇಲೆ ಗುಳುಗುಳು ಸದ್ದಾಯಿತು. ನಾನು ಅಕ್ಕನ ಹಾಸಿಗೆ ಮಡಿಸುತ್ತಿದ್ದೆ. ಅಕ್ಕ ನಿಂತಿದ್ದವಳು ಮೇಲೆ ನೋಡಿದಳು. ಕೈ ತಾನೇ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಕಾದಳು. ನಾನೂ ಕಾದೆ. ಮೇಲೆ ಮತ್ತೆ ಗುಳುಗುಳು ಅಂದಿತು. ಅಂಗೈ ಕೆಳಗೆ ಏನೂ ಆಗಲಿಲ್ಲ.

ಅಕ್ಕ ನೆಲಕ್ಕೆ ಕುಸಿದು ಕೂತಳು. ಅವಳ ಬಾಯಿಂದ ಬಂದ ಆ ಕೂಗು ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಅವ್ವ ಒದ್ದೆ ಕೈಯಲ್ಲೇ ಓಡಿ ಬಂದು ಅವಳನ್ನು ಎದೆಗೆ ಅವುಚಿಕೊಂಡಳು. “ಅಳು ಮಗಾ, ಅಳು,” ಎನ್ನುತ್ತ ತಾನೂ ಅತ್ತಳು. ನಾನು ಇಬ್ಬರನ್ನೂ ತಬ್ಬಿಕೊಂಡೆ. ನಲ್ಲಿ ನಿಲ್ಲಿಸಲು ಯಾರಿಗೂ ನೆನಪಿರಲಿಲ್ಲ. ಅದು ಕೆಮ್ಮುತ್ತಲೇ ಇತ್ತು. ಅಪ್ಪ ಜಗಲಿಯ ಕಂಬಕ್ಕೆ ಒರಗಿ, ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಒಳಗೆ ಬರಲಿಲ್ಲ.

ಅವ್ವನಿಗೆ ಆವತ್ತೇ ಅರ್ಥವಾಗಿರಬೇಕು. ಅವಳು ಗಂಡನನ್ನು ಏನೂ ಕೇಳಲಿಲ್ಲ. ಬ್ಯಾರನ್ನಿಗೆಂದು ಒಟ್ಟಿದ್ದ ಸೌದೆಯಿಂದ ಒಂದು ಹೊರೆ ಎಳೆದು ತಂದು, ಮೂಲೆಯಲ್ಲಿದ್ದ ಹಂಡೆ ತೊಳೆದು, ಒಲೆ ಹೊತ್ತಿಸಿದಳು. ಬಾಣಂತನ ಮುಗಿಯುವವರೆಗೂ ಅಕ್ಕನಿಗೆ ಹಂಡೆಯ ನೀರೇ ಆಯಿತು. ಸೋಲಾರನ್ನು ಸರಿ ಮಾಡಿಸು ಎಂದು ಆ ಮನೆಯಲ್ಲಿ ಯಾರೂ ಮತ್ತೆ ಹೇಳಲಿಲ್ಲ. ಅಕ್ಕನಿಗೆ ಆಮೇಲೆ ಮಕ್ಕಳಾಗಲಿಲ್ಲ. ಪ್ರತಿ ವರ್ಷ ಗೌರಿಗೆ ಬರುತ್ತಾಳೆ, ಹೊಂಗೆ ಮರದ ಕಡೆ ಹೋಗುವುದಿಲ್ಲ, ಆ ಸಣ್ಣ ಕೋಣೆಯಲ್ಲೇ ಮಲಗುತ್ತಾಳೆ.

ನಾನು ಅಂಗಳದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನಿಂದ ಇವರು ಬಂದರು. ಮಾವ ಬೇಡವೆಂದರೂ ತಾರಸಿ ಹತ್ತಿ ಇಳಿದಿದ್ದರು, ಕೇಳಬೇಕೇ?

“ಲತಾ, ಮೇಲೆ ಗಾಳಿ ಪೈಪಿನ ಬಾಯಿಗೆ ಯಾರೋ ಬಟ್ಟೆ ತುರುಕವ್ರೆ ಕಣೆ. ಮೇಲೆ ಬಿಗಿಯಾಗಿ ದಾರ ಸುತ್ತವ್ರೆ. ಅದ್ಕೇ ಏರ್ ಹಿಡೀತಾ ಇರೋದು.”

“ಬಿಚ್ಚಿದ್ರಾ?” ಎಂದೆ. ನನ್ನ ಧ್ವನಿ ಕೇಳಿ ಅವರು ಬೆಚ್ಚಿದರು.

“ಇಲ್ಲ. ಮಾವನ್ನ ಕೇಳಿ ಬಿಚ್ಚಣ ಅಂತ ಬಂದೆ. ಸೊಪ್ಪು ಕಟ್ಟೋ ದಾರ ಅದು. ಹಳೇದಲ್ಲ, ಹೊಸಾ ದಾರ. ಮೊನ್ನೆ ಮೊನ್ನೆ ಸುತ್ತಿದಂಗದೆ.”

ನಾನು ಜಗಲಿಯ ಕಡೆ ನೋಡಿದೆ. ಅಪ್ಪ ಸಿಕ್ಕು ಬಿಡಿಸಿದ ದಾರವನ್ನು ಉಂಡೆ ಸುತ್ತುತ್ತಿದ್ದ. ನಾನು ಅಂದುಕೊಂಡಿದ್ದು ಆವತ್ತೊಂದು ದಿನ ಕಟ್ಟಿ ಹಾಗೇ ಮರೆತುಬಿಟ್ಟಿದ್ದಾನೆಂದು. ಮಳೆ ಬಿಸಿಲಿಗೆ ದಾರ ಎಷ್ಟು ದಿನ ತಡೆಯುತ್ತದೆ? ವರ್ಷ ವರ್ಷವೂ ಗೌರಿಹಬ್ಬಕ್ಕೆ ಮುಂಚೆ, ಮಗಳು ಬರುವಷ್ಟರಲ್ಲಿ, ಹತ್ತಿ ಹೋಗಿ ಹೊಸದಾಗಿ ಕಟ್ಟಿ ಇಳಿಯುತ್ತಿದ್ದಾನೆ ಈ ಮನುಷ್ಯ.

ನಾನು ಇವರಿಗೆ ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಇವರು ಸ್ಪ್ಯಾನರನ್ನು ಒಯ್ದು ಎಲ್ಲಿತ್ತೋ ಅಲ್ಲಿಟ್ಟರು.

ಸಂಜೆ ಅಕ್ಕ ಬಂದಳು. ಬ್ಯಾಗು ಇಳಿಸಿ, ಅವ್ವನ ಸೊಂಟನೋವು ವಿಚಾರಿಸಿ, ನನ್ನ ಸೀರೆಯ ಬಣ್ಣ ಚೆನ್ನಾಗಿಲ್ಲವೆಂದು ಹೇಳಿ, ಕಾಫಿ ಕುಡಿದು, ಕೋಣೆಗೆ ಹೋಗಿ ಎಡಮಗ್ಗುಲಾಗಿ ಮಲಗಿಕೊಂಡಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು.

“ಲತಾ, ನಲ್ಲಿ ತಿರುಗ್ಸೆ,” ಎಂದಳು.

ನಾನು ಬಚ್ಚಲಿಗೆ ಹೋಗಿ ತಿರುಗಿಸಿ ಬಂದು ಬಾಗಿಲಲ್ಲಿ ನಿಂತೆ. ನನ್ನ ತಲೆಯ ಮೇಲೆ ಗುಳುಗುಳು ಅಂದಿತು. ಅಕ್ಕ ಕಣ್ಣು ಮುಚ್ಚಿಕೊಂಡು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

“ಇನ್ನೊಂದ್ಸಲ,” ಎಂದಳು.